ಚೊಕ್ಕ ಕೈ, ಕೊಳೆ ಕೈ

ಅಕ್ಕನ ನಿವೃತ್ತಿಯ ಬೀಳ್ಕೊಡುಗೆಗೆ ಎರಡು ಮಾತು ಬರೆದುಕೊಡು ಎಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಹೇಳಿ ಹತ್ತು ದಿನವಾಯಿತು. ಇಪ್ಪತ್ತೆರಡು ವರ್ಷ ಅವರ ಪಕ್ಕದಲ್ಲಿ ಕೂತು ವ್ಯಾನು ಓಡಿಸಿದವನು ನೀನು, ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು ಎಂದರು. ಒಂದು ಪುಟ ಸಾಕು, ನಾಲ್ಕು ಜನ ನಗುವ ಹಾಗಿರಲಿ ಎಂದೂ ಹೇಳಿದರು. ನಗಿಸುವುದು ನನಗೆ ಕಷ್ಟವಲ್ಲ. ನಮ್ಮ ಪ್ರಯೋಗಾಲಯದಲ್ಲಿ ಬಾಯಿಬಡುಕ ಯಾರು ಎಂದು ಕೇಳಿದರೆ ಬಾಗಿಲ ಕಾವಲಿನವನೂ ನನ್ನ ಕಡೆಗೇ ಬೆರಳು ತೋರಿಸುತ್ತಾನೆ. ಆದರೂ ಹತ್ತು ದಿನದಿಂದ ಬರೆದದ್ದು, ಹರಿದದ್ದು ಅಷ್ಟೇ ಆಗಿದೆ. ನಾಳೆ ಬೀಳ್ಕೊಡುಗೆ. ಒಂದು ಪುಟಕ್ಕೆ ಇದು ಹಿಡಿಯುವುದಿಲ್ಲ, ನಗುವೂ ಎಷ್ಟು ದೂರ ಬರುತ್ತದೋ ಗೊತ್ತಿಲ್ಲ. ಮೇಡಂಗೆ ಮೊದಲೇ ತೋರಿಸದೆ ಇದನ್ನೇ ಓದುತ್ತೇನೆ.

ನಾಳೆ ಅಕ್ಕನ ಮನೆಯವರೂ ಬರುತ್ತಾರೆ, ನಮ್ಮ ಕೆಲಸ ಏನೆಂದು ತಿಳಿಯದ ಬೇರೆಯವರೂ ಬರುತ್ತಾರೆ. ಅವರಿಗಾಗಿ ಮೊದಲಿಂದ ಹೇಳಬೇಕು.

ನಾವು ಅಳೆಯುವುದು ಕಣ್ಣಿಗೆ ಕಾಣದ್ದನ್ನು, ಮೂಗಿಗೆ ಬಡಿಯದ್ದನ್ನು, ನಾಲಿಗೆಗೂ ಗೊತ್ತಾಗದ್ದನ್ನು. ದೊಡ್ಡ ಕೆರೆಯೊಂದಕ್ಕೆ ಒಂದು ಹನಿ ಶಾಯಿ ಬಿದ್ದರೆ ಅದನ್ನೂ ಕಂಡುಹಿಡಿಯುವ ಯಂತ್ರ ಮೂರನೇ ಮಹಡಿಯಲ್ಲಿದೆ. ಎಲೆ, ಮಣ್ಣು, ನೀರು ಎಲ್ಲವೂ ಅದರ ಬಾಯಿಗೆ ಹೋಗಬೇಕು. ಮೊದಲು ಸೀಸ ಹುಡುಕುತ್ತಿದ್ದೆವು, ಆಮೇಲೆ ಕೀಟನಾಶಕ. ಈಗ ಹತ್ತು ವರ್ಷದಿಂದ ಇನ್ನೊಂದು ಬಂದಿದೆ. ಬಟ್ಟೆಗೆ ನೀರಂಟದ ಹಾಗೆ, ಬಾಣಲೆಗೆ ಜಿಡ್ಡಂಟದ ಹಾಗೆ ಹಚ್ಚುವ ರಾಸಾಯನಿಕ. ಅದು ಒಮ್ಮೆ ಮಣ್ಣಿಗೆ ಸೇರಿದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹೋಗುವುದಿಲ್ಲವಂತೆ.

ಯಂತ್ರ ಇಷ್ಟು ಚುರುಕಾದರೆ ಒಂದು ತೊಂದರೆ. ಅದು ತೋಟದ ಕೊಳೆಯನ್ನೂ ಹೇಳುತ್ತದೆ, ತೋಟಕ್ಕೆ ಹೋದವನ ಕೊಳೆಯನ್ನೂ ಹೇಳುತ್ತದೆ, ಯಾವುದು ಯಾರದ್ದು ಎಂದು ಮಾತ್ರ ಹೇಳುವುದಿಲ್ಲ. ಅದಕ್ಕೇ ಸ್ಯಾಂಪಲ್ ತರಲು ಯಾವಾಗಲೂ ಇಬ್ಬರು ಹೋಗುತ್ತೇವೆ. ಒಬ್ಬರು ಚೊಕ್ಕ ಕೈ. ಅವರು ಸ್ಯಾಂಪಲ್ ಬಾಟಲಿ ಬಿಟ್ಟು ಇನ್ನೇನನ್ನೂ ಮುಟ್ಟುವ ಹಾಗಿಲ್ಲ, ಮೂಗು ತುರಿಸಿದರೂ ಸಹಿಸಿಕೊಳ್ಳಬೇಕು. ಇನ್ನೊಬ್ಬರು ಕೊಳೆ ಕೈ. ವ್ಯಾನಿನ ಬಾಗಿಲು ತೆಗೆಯುವುದು, ಹೊರಚೀಲ ಬಿಚ್ಚುವುದು, ಗೇಟಿನ ಚಿಲಕ, ನಾಯಿ ಓಡಿಸುವುದು, ಪೆನ್ನು, ಫಾರಂ, ಎಲ್ಲ ಅವರ ಪಾಲು. ಅಕ್ಕ ಚೊಕ್ಕ ಕೈ, ನಾನು ಕೊಳೆ ಕೈ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಷ್ಟು ವರ್ಷ ಕೈ ಕೊಳೆಯಾಗಿಯೇ ಇತ್ತಲ್ಲ, ಮೊಸರೆಲ್ಲಿ ಎಂದು ನಾನು ಕೇಳುತ್ತಿದ್ದೆ. ಅಕ್ಕ ಮುಖಗವಸಿನೊಳಗೇ ನಗುತ್ತಿದ್ದರು.

ಮತ್ತೊಂದಿದೆ, ಸಾಕ್ಷಿ ಬಾಟಲಿ. ಪ್ರಯೋಗಾಲಯದಲ್ಲೇ ಅತಿ ಶುದ್ಧ ನೀರು ತುಂಬಿ ಮುಚ್ಚಿಕೊಟ್ಟಿರುತ್ತಾರೆ. ಕೊನೆಯ ಜಾಗದಲ್ಲಿ ಅದರ ಮುಚ್ಚಳ ತೆಗೆದು, ಸ್ಯಾಂಪಲ್ ತೆಗೆದ ಬಟ್ಟೆಯಲ್ಲೇ ಅದರ ಮೇಲೆ ಬಗ್ಗಿ, ಐದು ನಿಮಿಷ ಬಿಟ್ಟು ಮುಚ್ಚಬೇಕು. ಆ ನೀರಿನಲ್ಲಿ ಏನಾದರೂ ಸಿಕ್ಕಿತು ಅಂದರೆ ಅದು ತೋಟದ್ದಲ್ಲ, ನಮ್ಮದು. ಆವತ್ತು ತಂದದ್ದನ್ನೆಲ್ಲ ಚೆಲ್ಲಿ ಮತ್ತೆ ಹೋಗಬೇಕು. ಬೇರೆ ತಂಡದವರ ಸಾಕ್ಷಿ ಬಾಟಲಿಯಲ್ಲಿ ವರ್ಷಕ್ಕೆ ಮೂರು ಸಲವಾದರೂ ಏನಾದರೊಂದು ಸಿಗುತ್ತಿತ್ತು. ಅಕ್ಕನದ್ದು ಯಾವತ್ತೂ ಸೊನ್ನೆ. ಅದರಿಂದಲೇ ಅವರಿಗೆ ಸೊನ್ನೆಯಕ್ಕ ಎಂದು ಹೆಸರು ಬಿತ್ತು. ಸಂಬಳದ ದಿನ ಹುಡುಗರು ಬೇಕೆಂದೇ ಆ ಹೆಸರು ಕೂಗುತ್ತಿದ್ದರು.

ಆ ಸೊನ್ನೆ ಸುಮ್ಮನೆ ಬಂದದ್ದಲ್ಲ. ಅಕ್ಕನ ಅಪ್ಪ ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆಯುತ್ತಿದ್ದವರು. ರಕ್ತದ ಕಲೆ ಹೋಯಿತು ಅಂದುಕೊಂಡ ಮೇಲೂ ಇನ್ನೊಂದು ಸಲ ಹಿಂಡು ಎಂದು ಮಗಳಿಗೆ ಕಲಿಸಿದವರು. ಇಪ್ಪತ್ತನೇ ವಯಸ್ಸಿಗೆ ಅಕ್ಕ ಇಲ್ಲಿಗೆ ಬಾಟಲಿ ತೊಳೆಯಲು ಬಂದರು. ಏಳು ಸಲ ತೊಳೆಯಿರಿ ಎಂದರೆ ಏಳೇ ಸಲ ತೊಳೆಯುತ್ತಿದ್ದರು, ಯಾರೂ ನೋಡದಿದ್ದಾಗಲೂ. ಅವರು ರಜೆ ಹಾಕಿದ ದಿನ ಯಂತ್ರದಲ್ಲಿ ಗಲೀಜು ಬರುತ್ತದೆ, ಬಂದ ದಿನ ಬರುವುದಿಲ್ಲ ಎಂದು ಆಗಿನ ದೊಡ್ಡವರು ಯಾರೋ ಲೆಕ್ಕ ಹಾಕಿ, ತೊಳೆಯುವ ಕೋಣೆಯಿಂದ ಎತ್ತಿ ವ್ಯಾನಿಗೆ ಹಾಕಿದರು. ಓದಿದ್ದು ಹತ್ತನೇ ಕ್ಲಾಸು. ಆದರೆ ದೊಡ್ಡ ದೊಡ್ಡ ಡಿಗ್ರಿಯವರು ಕೈಗವಸು ಹಾಕುವುದನ್ನು ಅವರಿಂದ ಕಲಿತಿದ್ದಾರೆ.

ಸ್ಯಾಂಪಲ್ ದಿನ ಅಂದರೆ ಅವರ ಮನೆಯವರಿಗೆಲ್ಲ ಶಿಕ್ಷೆ. ಹಿಂದಿನ ದಿನದಿಂದ ವಾಸನೆ ಸೋಪಿಲ್ಲ, ತಲೆಗೆ ಎಣ್ಣೆಯಿಲ್ಲ, ಕೈಗೆ ಕ್ರೀಮಿಲ್ಲ. ಚಳಿಗಾಲದಲ್ಲಿ ಅಕ್ಕನ ಬೆರಳುಗಳು ಒಡೆದು ಗೆರೆಗೆರೆಯಾಗಿರುತ್ತಿದ್ದವು. ಅವರ ಗಂಡ ದರ್ಜಿ, ನಾನು ಭಾವ ಅನ್ನುತ್ತೇನೆ. ಅಂಗಡಿಯಿಂದ ಬಂದ ಹೊಸ ಬಟ್ಟೆಗೆ ಏನೇನೋ ಹಚ್ಚಿರುತ್ತಾರೆ ಎಂದು ಭಾವ ಹಳೇ ಹತ್ತಿ ಹೊದಿಕೆ ಕತ್ತರಿಸಿ ಅಕ್ಕನಿಗೆ ಎರಡು ಮೇಲಂಗಿ ಹೊಲಿದುಕೊಟ್ಟಿದ್ದರು. ಜಿಪ್ಪಿಲ್ಲ, ಗುಂಡಿಯಿಲ್ಲ, ದಾರ ಕಟ್ಟಿಕೊಳ್ಳಬೇಕು. ಊರವರಿಗೆಲ್ಲ ಸೂಟು ಹೊಲಿಯುತ್ತೇನೆ, ಕಟ್ಟಿಕೊಂಡವಳಿಗೆ ಮಾತ್ರ ದಿಂಬಿನ ಚೀಲ ಎಂದು ಭಾವ ಗೊಣಗುತ್ತಿದ್ದರು. ಅಕ್ಕನ ಅತ್ತೆಯಂತೂ ಮೊಣಕಾಲಿಗೆ ಮುಲಾಮು ಹಚ್ಚಿಕೊಂಡ ಕೈಯಲ್ಲಿ ಆ ಅಂಗಿ ಮುಟ್ಟಿದರು ಎಂದು ಅಕ್ಕ ಅದನ್ನು ಮತ್ತೆ ಆರು ಸಲ ಒಗೆದರಂತೆ. ನನ್ನ ಮೊಣಕಾಲಿಂದ ಲೋಕ ಹಾಳಾಗುತ್ತಾ ಎಂದು ಅತ್ತೆ ಒಂದು ವಾರ ಮಾತು ಬಿಟ್ಟಿದ್ದರು. ಯಾರ ಮನೆಗೆ ಹೋದರೂ ನೀರು ಕೊಟ್ಟರೆ ಅಕ್ಕ ಆ ಲೋಟವನ್ನು ಮೂರು ಸಲ ಕುಲುಕಿ ಚೆಲ್ಲಿಯೇ ಕುಡಿಯುವುದು. ಎಷ್ಟು ಜನಕ್ಕೆ ಇದರಿಂದ ಸಿಟ್ಟು ಬಂದಿದೆಯೋ ಲೆಕ್ಕವಿಲ್ಲ. ನನ್ನ ಹೆಂಡತಿಗೂ ಬಂದಿತ್ತು.

ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದರೆ ಮೇಡಂ ಕೇಳಿದ ಪುಟವಾಗುತ್ತಿತ್ತು. ಮೂರು ಸಲ ಇಲ್ಲಿಗೇ ನಿಲ್ಲಿಸಿದ್ದೆ ಕೂಡ.

ಕಾಲುವೆಯ ಪಕ್ಕ ನಗರಸಭೆಯವರು ಜನರಿಗೆ ಕೊಟ್ಟ ಏಳು ಕೈತೋಟಗಳಿವೆ. ಮೇಲ್ಗಡೆ ಒಂದು ಕಾಲದಲ್ಲಿ ಬಟ್ಟೆಗೆ ನೀರಂಟದ ಲೇಪ ಹಚ್ಚುವ ಕಾರ್ಖಾನೆ ಇತ್ತು. ಅದು ಮುಚ್ಚಿ ಹದಿನೈದು ವರ್ಷವಾದರೂ ವರ್ಷಕ್ಕೊಮ್ಮೆ ಆ ತೋಟಗಳ ಸೊಪ್ಪು ತಂದು ನೋಡುತ್ತೇವೆ. ಏಳನೆಯದು ಸೊಪ್ಪಜ್ಜನ ತೋಟ. ರೈಲ್ವೆಯಲ್ಲಿ ಹಳಿ ನೋಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಹೆಂಡತಿ ಇಲ್ಲ. ಮಗ, ಸೊಸೆ, ಐದು ವರ್ಷದ ಮೊಮ್ಮಗಳ ಜೊತೆ ಹತ್ತಿರದ ಬೀದಿಯಲ್ಲೇ ಇದ್ದಾರೆ. ಬೆಳೆಯುವುದು ಬರೀ ಸೊಪ್ಪು. ಬೆಳಗ್ಗೆ ಕೊಯ್ದು ಕಂತೆ ಕಟ್ಟಿ ಬೀದಿಯ ಮನೆಮನೆಯ ಬಾಗಿಲಿಗೆ ಇಟ್ಟು ಬರುವುದು ಅವರಿಗೊಂದು ಹುಚ್ಚು. ಬಾಣಂತಿ ಇದ್ದ ಮನೆಗೆ ಎರಡು ಕಂತೆ. ಆ ಬೀದಿಯ ಅರ್ಧ ಮಕ್ಕಳ ಮೈಯಲ್ಲಿ ಓಡುವುದು ನನ್ನ ಸೊಪ್ಪು ಎಂದು ಜಂಬ ಕೊಚ್ಚುತ್ತಿದ್ದರು. ನಾವು ಹೋದಾಗಲೆಲ್ಲ ಬೇಲಿಯ ಹತ್ತಿರ ಕೈ ಕಟ್ಟಿ ನಿಂತು, ಡಾಕ್ಟರ ಮುಂದೆ ನಿಂತವರ ಹಾಗೆ ನೋಡುತ್ತಿದ್ದರು.

ಎರಡು ವರ್ಷದ ಹಿಂದೆ ನಾವು ಅಲ್ಲಿಗೆ ಹೋದ ದಿನ ಬೆಳಗಿನಿಂದ ಜಿಟಿಜಿಟಿ ಮಳೆ. ಅಕ್ಕನಿಗೆ ಮೈ ಕಾದಿತ್ತು. ಮಳೆ ಬಂದರೆ ವ್ಯಾನಿನಲ್ಲಿ ಕೂತು ಕಾಯುವುದು, ನಿಲ್ಲದಿದ್ದರೆ ನಾಳೆ ಬರುವುದು ನಮ್ಮ ರೂಢಿ. ಆರು ತೋಟ ಮುಗಿಯುವ ಹೊತ್ತಿಗೆ ಸಂಜೆ ನಾಲ್ಕಾಗಿತ್ತು. ಏಳನೆಯದನ್ನು ನಾಳೆ ಮಾಡೋಣ ಎಂದು ಅಕ್ಕ ಎರಡು ಸಲ ಹೇಳಿದರು. ನಾಳೆ ನನಗೆ ರಜೆ ಇತ್ತು. ಹೆಂಡತಿಯ ಅಕ್ಕನ ಮನೆಗೆ ಹೋಗುವುದೆಂದು ಮಾತಾಗಿತ್ತು. ಅಷ್ಟೇ, ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಒಂದೇ ತೋಟ ಅಕ್ಕ, ಹತ್ತು ನಿಮಿಷದ ಕೆಲಸ ಎಂದು ನಾನೇ ಪುಸಲಾಯಿಸಿ ಇಳಿಸಿದೆ.

ಅಕ್ಕ ಬಗ್ಗಿ ಸೊಪ್ಪು ಕತ್ತರಿಸುತ್ತಿದ್ದಾಗ ಅವರ ಬೆನ್ನು ನಡುಗುವುದು ಕಾಣುತ್ತಿತ್ತು. ಹತ್ತಿಯ ಅಂಗಿ ನೆನೆದು ಮೈಗೆ ಅಂಟಿತ್ತು. ನನ್ನ ಮೈಮೇಲೆ ಹೆಂಡತಿ ಹೋದ ವಾರವಷ್ಟೇ ಕೊಡಿಸಿದ್ದ ಹೊಸ ರೇನ್‌ಕೋಟು. ತಾವರೆ ಎಲೆಯ ಮೇಲಿನ ಹಾಗೆ ನೀರು ಜಾರಿ ಹೋಗುತ್ತಿತ್ತು. ಅದನ್ನು ತೆಗೆದು ಹಿಂದಿನಿಂದ ಅವರ ಹೆಗಲ ಮೇಲೆ ಹೊದಿಸಿಬಿಟ್ಟೆ.

ನೀರನ್ನು ಜಾರಿಸುವ ಆ ಪದಾರ್ಥವನ್ನೇ ನಾವು ಆ ತೋಟದಲ್ಲಿ ಹುಡುಕಲು ಹೋಗಿದ್ದೆವು. ಅಷ್ಟು ವರ್ಷ ಕಿವಿಯ ಮೇಲೆ ಬಿದ್ದ ಪಾಠ ಆ ಗಳಿಗೆಯಲ್ಲಿ ನನ್ನ ತಲೆಗೆ ಹೊಳೆಯಲಿಲ್ಲ. ಅಕ್ಕನಿಗೆ ಹೊಳೆಯಿತು. ಹೆಗಲು ಕೊಡವಿ ಬೀಳಿಸಲು ಹೋದರು. ಆಮೇಲೆ ಬೆಚ್ಚಗಾಯಿತೋ ಏನೋ, ಸುಮ್ಮನಾದರು. ಕೋಟಿನ ಅಂಚಿನಿಂದ ನೀರು ತೊಟತೊಟ ಎಂದು ಸೊಪ್ಪಿನ ಮೇಲೆ ಬೀಳುತ್ತಿತ್ತು.

"ಸಾಕ್ಷಿ ಬಾಟಲಿ ಇದೆಯಲ್ಲ," ಎಂದರು. "ಈ ಕೋಟು ಏನಾದ್ರೂ ಮಾಡಿದ್ರೆ ಅದು ಹೇಳುತ್ತೆ. ಹೇಳಿದ್ರೆ ಮತ್ತೆ ಬರೋಣ."

ಸೊಪ್ಪು ಬಾಟಲಿಗೆ ಸೇರಿದ ಮೇಲೆ ಅಕ್ಕನಿಗೆ ನಿಲ್ಲಲಾಗಲಿಲ್ಲ. ವ್ಯಾನಿಗೆ ಹೋಗಿ ಕೂತರು. ಹೋಗುವಾಗ ಕೋಟು ನನಗೆ ಕೊಟ್ಟು, ಇದನ್ನೇ ಹಾಕಿಕೊಂಡು ಸಾಕ್ಷಿ ಬಾಟಲಿ ತೆರೆ, ಕೈಗವಸು ಹೊಸದು ಹಾಕು, ಐದು ನಿಮಿಷ ಎಂದು ಹೇಳಿದರು. ಚೊಕ್ಕ ಕೈಯ ಕೆಲಸವನ್ನು ಅವರು ನನಗೆ ಒಪ್ಪಿಸಿದ್ದು ಆ ಒಂದೇ ಸಲ. ಬಾಟಲಿಯನ್ನು ಚೀಲದಿಂದ ಹೊರಗೆ ತೆಗೆದೆ. ಮಳೆ ಜೋರಾಯಿತು. ಬೆರಳು ಮರಗಟ್ಟಿದ್ದವು. ಯಾವಾಗಲೂ ಸೊನ್ನೆಯೇ ತಾನೆ ಎಂದುಕೊಂಡು ಬಾಟಲಿಯನ್ನು ಹಾಗೇ ಚೀಲಕ್ಕೆ ಹಾಕಿದೆ. ಫಾರಂನಲ್ಲಿ ತೆರೆದದ್ದು ನಾಲ್ಕು ಹತ್ತು, ಮುಚ್ಚಿದ್ದು ನಾಲ್ಕು ಹದಿನೈದು ಎಂದು ಬರೆದೆ. ಅಕ್ಕ ವ್ಯಾನಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಸಹಿ ಹಾಕಿಸಿಕೊಂಡೆ.

ಆರು ವಾರಕ್ಕೆ ಫಲಿತಾಂಶ ಬಂತು. ಆರು ತೋಟದಲ್ಲಿ ಇದ್ದೂ ಇಲ್ಲದಷ್ಟು. ಏಳನೆಯದರಲ್ಲಿ ಮಿತಿಗಿಂತ ನಾಲ್ಕು ಪಟ್ಟು. ಅದೇ ಸೊಪ್ಪನ್ನು ಮತ್ತೊಮ್ಮೆ ಯಂತ್ರಕ್ಕೆ ಹಾಕಿದರು, ಅದೇ ಬಂತು. ಸಾಕ್ಷಿ ಬಾಟಲಿ ಸೊನ್ನೆ. ತೆರೆಯದ ಬಾಟಲಿ ಇನ್ನೇನು ಹೇಳೀತು.

ಅಕ್ಕ ಕಾಗದ ಹಿಡಿದುಕೊಂಡು ನೇರ ವ್ಯಾನಿನ ಹತ್ತಿರ ಬಂದರು. ನಾನು ಗಾಜು ಒರೆಸುತ್ತಿದ್ದೆ. ಆವತ್ತಿನ ಕೋಟು ತಲೆಯಲ್ಲಿ ಕೊರೆಯುತ್ತಿದೆ ಎಂದರು.

"ನೀನು ಬಾಟಲಿ ತೆರೆದೆ ಅಲ್ವಾ?"

"ತೆರೆದೆ ಅಕ್ಕ."

"ಕೋಟು ಹಾಕ್ಕೊಂಡೇ?"

"ಹಾಕ್ಕೊಂಡೇ."

ಅವರ ಮುಖ ಹಗುರಾಯಿತು. ಹಾಗಾದರೆ ಕೋಟಿನದ್ದಲ್ಲ, ಪಾಪ ತೋಟದ್ದೇ ಎಂದು ಹೊರಟುಹೋದರು. ನಾನು ಅದೇ ಗಾಜನ್ನು ಮತ್ತೆ ಒರೆಸಿದೆ. ಆವತ್ತು ನಿಜ ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು, ಇನ್ನೊಂದು ಸಲ ಹೋಗಿ ಸೊಪ್ಪು ತರುತ್ತಿದ್ದೆವು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರಲ್ಲ, ನನ್ನದು ಒಂದು ಮುಚ್ಚಳಕ್ಕೆ ಹೋಯಿತು.

ವಾರದೊಳಗೆ ನಗರಸಭೆಯವರು ಸೊಪ್ಪಜ್ಜನ ತೋಟದಲ್ಲಿದ್ದದ್ದನ್ನೆಲ್ಲ ಬೇರುಸಹಿತ ಕಿತ್ತು ಚೀಲಕ್ಕೆ ತುಂಬಿಕೊಂಡು ಹೋದರು. ಗೇಟಿಗೆ ಬೀಗ ಹಾಕಿ, ಇಲ್ಲಿ ಬೆಳೆದದ್ದನ್ನು ತಿನ್ನಬಾರದು ಎಂದು ಹಳದಿ ಬೋರ್ಡು ತೂಗುಹಾಕಿದರು. ಮತ್ತೆ ಪರೀಕ್ಷೆ ಮಾಡೋಣವೆಂದರೆ ಎಲೆ ಒಂದೂ ಉಳಿದಿರಲಿಲ್ಲ. ಮಣ್ಣು ತಂದು ನೋಡಿದರು, ಏನೂ ಹೆಚ್ಚಿರಲಿಲ್ಲ. ಗಿಡವೇ ಎಲ್ಲ ಹೀರಿಕೊಂಡಿರಬೇಕು ಎಂದು ಒಬ್ಬರು ವಿವರಿಸಿದರು. ಕಾಲುವೆ ಅಲ್ಲಿ ತಿರುಗುತ್ತದಲ್ಲ, ಅದಕ್ಕೇ ಎಂದು ಇನ್ನೊಬ್ಬರು. ಸಂಖ್ಯೆ ಒಂದು ಬಂದ ಮೇಲೆ ಅದಕ್ಕೆ ಕಾರಣ ಹುಡುಕಿಕೊಡುವವರಿಗೆ ಬರವಿಲ್ಲ. ಸಭೆಯಲ್ಲಿ ಯಾರಾದರೂ ಸ್ಯಾಂಪಲ್ ತೆಗೆದ ರೀತಿ ಸರಿಯಿತ್ತಾ ಎಂದು ಬಾಯಿ ತೆರೆದರೆ, ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಗುತ್ತಿತ್ತು. ಆದರೆ ಸೊನ್ನೆಯಕ್ಕನ ಕೆಲಸವನ್ನು ಅನುಮಾನಿಸುವುದುಂಟೇ ಎಂದು ಅವರವರೇ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಬೀದಿಯವರು ಸೊಪ್ಪಜ್ಜನಿಗೆ ಮುಖ ತಿರುಗಿಸಿದರು. ಇಷ್ಟು ವರ್ಷ ಬಿಟ್ಟಿ ತಿಂದವರೇ ಮಕ್ಕಳನ್ನು ರಕ್ತಪರೀಕ್ಷೆಗೆ ಕರೆದುಕೊಂಡು ಹೋಗಿ, ಹೋಗುವಾಗ ಅವರ ಮನೆಯ ಮುಂದೆ ನಿಂತು ಕೇಳಿಸುವ ಹಾಗೆ ಮಾತಾಡಿದರು. ಸೊಸೆ ಮೊಮ್ಮಗಳನ್ನು ಅವರ ತಟ್ಟೆಯಿಂದ ತಿನ್ನಲು ಬಿಡುತ್ತಿರಲಿಲ್ಲವಂತೆ. ನಾನು ಆ ಬೀದಿ ತಪ್ಪಿಸಿ ಸುತ್ತುಹಾಕಿ ವ್ಯಾನು ಓಡಿಸುತ್ತಿದ್ದೆ. ಯಾಕಪ್ಪ ಈ ಕಡೆ ಎಂದು ಅಕ್ಕ ಕೇಳಿದರೆ ರಸ್ತೆ ಅಗೆದಿದ್ದಾರೆ ಅನ್ನುತ್ತಿದ್ದೆ. ಏಳು ತಿಂಗಳು ರಸ್ತೆ ಅಗೆಯುತ್ತಲೇ ಇದ್ದರು.

ಏಳನೇ ತಿಂಗಳಲ್ಲಿ ಸೊಪ್ಪಜ್ಜ ಪ್ರಯೋಗಾಲಯಕ್ಕೇ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಕೆಳಗಿನ ಮಹಡಿಯಲ್ಲಿ ಸ್ಯಾಂಪಲ್ ಒಪ್ಪಿಸುವ ಕಿಟಕಿ ಇದೆ. ಅಲ್ಲಿ ಅಕ್ಕ ಕೂತಿದ್ದರು, ನಾನು ಪೆಟ್ಟಿಗೆ ಇಳಿಸುತ್ತಿದ್ದೆ. ಅಜ್ಜ ಏನು ತಂದಿದ್ದಾರೆ ಎಂದು ಅಕ್ಕ ಎದ್ದು ನೋಡಿದರು. ಅವರು ಎರಡೂ ಕೈಯನ್ನು ಕಿಟಕಿಯೊಳಗೆ ಚಾಚಿ ಕಟ್ಟೆಯ ಮೇಲೆ ಇಟ್ಟರು. ಅಂಗೈ ಮೇಲೆ, ಬೆರಳು ಬಿಡಿಸಿ.

"ಮಣ್ಣಲ್ಲಿ ಏನೂ ಇಲ್ಲ ಅಂತ ಕಾಗದ ಬಂತಮ್ಮ," ಎಂದರು. "ನೀರು ಎಲ್ಲರದ್ದೂ ಒಂದೇ. ಹಾಗಾದ್ರೆ ಉಳಿದದ್ದು ಇವೇ ಅಲ್ವಾ? ರೈಲ್ವೆಲಿ ಏನೇನೋ ಎಣ್ಣೆ ಮುಟ್ಟಿದ ಕೈ. ಒಂದ್ಸಲ ಅಳೆದು ನೋಡಿ. ಮಗೂನ ಎತ್ಕೊಳ್ಳಬಹುದೋ ಬೇಡ್ವೋ ಅಷ್ಟು ಹೇಳಿ ಸಾಕು."

ಕೈ ಅಳೆಯುವ ವ್ಯವಸ್ಥೆ ಇಲ್ಲ ಅಜ್ಜ ಎಂದು ಅಕ್ಕ ಮೆಲ್ಲಗೆ ಹೇಳಿದರು. ಅವರು ಆ ಕೈಗಳನ್ನು ಹಿಡಿದುಕೊಂಡರು, ಕೈಗವಸಿಲ್ಲದೆ. ಅಕ್ಕ ಕೆಲಸದ ಹೊತ್ತಿನಲ್ಲಿ ಯಾರ ಕೈಯನ್ನೂ ಮುಟ್ಟಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನು ಪೆಟ್ಟಿಗೆ ಕೆಳಗಿಟ್ಟು ಹೊರಗೆ ಬಂದೆ. ವ್ಯಾನಿನ ಹಿಂದೆ ನಿಂತು ಅತ್ತೆ. ಇದನ್ನು ಮರುಕಕ್ಕಾಗಿ ಬರೆಯುತ್ತಿಲ್ಲ. ಅತ್ತ ಮೇಲೂ ಒಂದು ಗಂಟೆ ಸುಮ್ಮನೆ ಕೂತಿದ್ದೆ ಎಂಬುದನ್ನೂ ಬರೆಯಬೇಕಲ್ಲ, ಅದಕ್ಕೆ.

ಅಕ್ಕ ಮನೆಗೆ ಹೊರಟಾಗ ತಡೆದು ಹೇಳಿದೆ. ಪೂರ್ತಿ ಹೇಳಿದೆ. ರಜೆ, ಹೆಂಡತಿಯ ಅಕ್ಕನ ಮನೆ, ಮರಗಟ್ಟಿದ ಬೆರಳು. ಅಕ್ಕ ಕೊನೆಗೆ ಎರಡೇ ಪ್ರಶ್ನೆ ಕೇಳಿದರು.

"ಮುಚ್ಚಳ ಬಿಚ್ಚಲೇ ಇಲ್ವಾ?"

"ಇಲ್ಲ ಅಕ್ಕ."

"ನಾನು ಕೇಳಿದಾಗ?"

"ಸುಳ್ಳು ಹೇಳಿದೆ."

ಬೈಯಲಿ, ಕೆನ್ನೆಗೆ ಎರಡು ಬಾರಿಸಲಿ ಎಂದು ಕಾದೆ. ಅವರು ತಮ್ಮ ಒಡೆದ ಬೆರಳುಗಳನ್ನು ನೋಡಿಕೊಂಡರು. ಕೋಟು ಹೊದ್ದುಕೊಂಡವಳು ನಾನು, ಗೊತ್ತಿದ್ದೂ ಹೊದ್ದುಕೊಂಡೆ ಎಂದರು. ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಮೇಡಂ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ.

ಏಳನೇ ತೋಟದಲ್ಲಿ ನೀರಂಟದ ಕೋಟು ಮೈಮೇಲಿತ್ತು, ಸಾಕ್ಷಿ ಬಾಟಲಿ ತೆರೆದಿರಲಿಲ್ಲ, ಆ ಸಂಖ್ಯೆಯನ್ನು ನಂಬಬೇಡಿ ಎಂದು ಅಕ್ಕ ಹೇಳಿದರು. ಮೇಡಂ ಕುರ್ಚಿಯಿಂದ ಎದ್ದುಬಿಟ್ಟರು. ತೆರೆಯದೆ ಇದ್ದದ್ದು ಯಾರು, ಫಾರಂನಲ್ಲಿ ಗಂಟೆ ನಿಮಿಷ ಎಲ್ಲ ಇದೆಯಲ್ಲ ಎಂದು ಕೇಳಿದರು.

"ಫಾರಂ ಮೇಲೆ ಸಹಿ ನಂದು," ಎಂದರು ಅಕ್ಕ.

ನಾನು ಬಾಗಿಲ ಹತ್ತಿರ ವ್ಯಾನಿನ ಕೀಲಿ ತಿರುಗಿಸುತ್ತಾ ನಿಂತಿದ್ದೆ. ಮೇಡಂ ನನ್ನ ಕಡೆ ನೋಡಿದರು. ನಿನಗೇನಾದರೂ ಹೇಳುವುದಿದೆಯಾ ಎಂದರು. ಅಕ್ಕ ನನ್ನನ್ನು ನೋಡಲಿಲ್ಲ, ಕಣ್ಸನ್ನೆ ಮಾಡಲಿಲ್ಲ, ಸುಮ್ಮನಿರು ಎಂದು ಯಾರೂ ಹೇಳಲಿಲ್ಲ. ನಾನೇ "ಇಲ್ಲ ಮೇಡಂ" ಎಂದೆ.

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂದು ಗಾದೆ. ನಾನು ಒರೆಸುವ ಕಷ್ಟವನ್ನೂ ಪಡಲಿಲ್ಲ. ಕೆಲಸ ಹೋದರೆ ಗತಿಯೇನು, ಇಬ್ಬರು ಮಕ್ಕಳು ಓದುತ್ತಿದ್ದಾರೆ, ಅಕ್ಕನಿಗೆ ಹೇಗೂ ನಿವೃತ್ತಿ ಹತ್ತಿರ, ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ನೆಪಕ್ಕೆ ನನ್ನ ಹತ್ತಿರ ಯಾವತ್ತೂ ಬಡತನವಿಲ್ಲ.

ಹೊಸ ಸಸಿ ನೆಟ್ಟು, ಬೆಳೆಸಿ, ಬೇರೆ ತಂಡದವರು ಹೋಗಿ ಸೊಪ್ಪು ತಂದರು. ಏನೂ ಇರಲಿಲ್ಲ. ಹಳದಿ ಬೋರ್ಡು ಇಳಿಯಿತು. ಹಿಂದಿನ ಫಲಿತಾಂಶ ಸ್ಯಾಂಪಲ್ ತೆಗೆದವರ ಲೋಪದಿಂದ ತಪ್ಪಾಗಿತ್ತು ಎಂದು ಒಂದು ಸಾಲಿನ ಕಾಗದ ಅಜ್ಜನಿಗೆ ಹೋಯಿತು. ಅಕ್ಕ ಅದು ಸಾಲದೆಂದು ತಾವೇ ಅವರ ಮನೆಗೆ ಹೋಗಿ, ಆಮೇಲೆ ಆ ಬೀದಿಯ ಮನೆಮನೆಯ ಬಾಗಿಲು ತಟ್ಟಿ, ತಪ್ಪು ನನ್ನದು, ಅವರ ಸೊಪ್ಪಿನದ್ದಲ್ಲ ಎಂದು ಹೇಳಿ ಬಂದರು. ಭಾವ ಜೊತೆಗೆ ಹೋಗಿದ್ದರಂತೆ. ಕೆಲವರು ಬಾಗಿಲು ಮುಖಕ್ಕೇ ಹಾಕಿದರು ಎಂದು ಭಾವನಿಂದ ತಿಳಿಯಿತು. ವ್ಯಾನು ಬೇಡವೆಂದು ಅಕ್ಕ ಬಸ್ಸಿನಲ್ಲಿ ಹೋಗಿದ್ದರು.

ಕಚೇರಿಯಲ್ಲಿ ಅಕ್ಕನನ್ನು ವ್ಯಾನಿನಿಂದ ಇಳಿಸಿ ಬಾಟಲಿ ತೊಳೆಯುವ ಕೋಣೆಗೆ ಹಾಕಿದರು. ಮೂವತ್ತೆಂಟು ವರ್ಷದ ಹಿಂದೆ ಶುರುಮಾಡಿದ ಅದೇ ತೊಟ್ಟಿಯ ಮುಂದೆ. ಕೊನೆಯ ಒಂದು ವರ್ಷ ಅಲ್ಲೇ ಕಳೆದರು. ಏಳು ಸಲ ಎಂದರೆ ಏಳೇ ಸಲ. ಸೊನ್ನೆಯಕ್ಕ ಎಂದು ಈಗ ಯಾರೂ ಕೂಗುವುದಿಲ್ಲ. ಆ ಮೌನ ಬೈಗುಳಕ್ಕಿಂತ ಕೆಟ್ಟದ್ದು. ಬೆಳಗ್ಗೆ ಖಾಲಿ ಬಾಟಲಿ ತೆಗೆದುಕೊಳ್ಳಲು ನಾನು ಆ ಕೋಣೆಗೆ ಹೋಗಬೇಕು. ಮಕ್ಕಳು ಹೇಗಿದ್ದಾರೆ ಎಂದು ಅಕ್ಕ ಕೇಳುತ್ತಾರೆ. ಚೆನ್ನಾಗಿದ್ದಾರೆ ಅನ್ನುತ್ತೇನೆ. ಒಂದು ವರ್ಷದಲ್ಲಿ ಅವರು ನನ್ನನ್ನು ಬೇರೇನೂ ಕೇಳಿಲ್ಲ.

ಈ ಬರಹ ಎಷ್ಟು ಹರಿದರೂ ಮುಗಿಯದಿದ್ದಾಗ, ಮೊನ್ನೆ ಬೆಳಗ್ಗೆ ಸೊಪ್ಪಜ್ಜನ ತೋಟಕ್ಕೆ ಹೋದೆ. ಆ ರಸ್ತೆಯಲ್ಲಿ ಯಾರೂ ಏನೂ ಅಗೆದಿರಲಿಲ್ಲ. ಅಜ್ಜ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು. ಅರ್ಧ ತೋಟ ಖಾಲಿ. ಈಗ ಎರಡೇ ಮನೆಗೆ ಸೊಪ್ಪು ಕೊಡುವುದು, ಬಾಕಿಯವರು ಬೇಡ ಅನ್ನುವುದಿಲ್ಲ, ತೆಗೆದುಕೊಂಡು ಆಚೆ ಬೀದಿಯ ತಿಪ್ಪೆಗೆ ಹಾಕುತ್ತಾರೆ, ಅದಕ್ಕೇ ಅವರಿಗೆ ಕೊಡುವುದನ್ನು ಬಿಟ್ಟೆ ಎಂದು ಹೇಳಿದರು. ನಾನು ಬೇಲಿಯ ಈಚೆ ನಿಂತು ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳಿದೆ. ಬಾಟಲಿ ತೆರೆಯದಿದ್ದದ್ದು ಅಕ್ಕ ಅಲ್ಲ, ನಾನು ಎಂದೆ.

"ಗೊತ್ತು," ಎಂದರು ಅಜ್ಜ. "ಆ ಅಮ್ಮ ಗಾಡೀಲಿ ಕೂತಿದ್ರಲ್ಲ. ನಾನು ಆ ಶೆಡ್ಡಿನ ಸೂರಿನಡಿ ನಿಂತು ನೋಡ್ತಾನೇ ಇದ್ದೆ. ಪ್ರತಿ ವರ್ಷ ಆ ಪುಟ್ಟ ಬಾಟಲಿ ತೆರೆದಿಟ್ಟು ಐದು ನಿಮಿಷ ಕಾಯ್ತಿದ್ರಿ. ಅದೇನು ಅಂತ ಒಂದ್ಸಲ ಆ ಅಮ್ಮನ್ನ ಕೇಳಿದ್ದೆ, ಸಾಕ್ಷಿ ಅಂದ್ರು. ಆ ಸಲ ನೀನು ತೆಗೆದೆ, ನೋಡಿದೆ, ಹಾಗೇ ಒಳಗಿಟ್ಟೆ." ಅವರು ಕೈಯಲ್ಲಿದ್ದ ಕಳೆಯ ಮಣ್ಣು ಕೊಡವಿದರು. "ಇಷ್ಟು ವರ್ಷ ನೋಡಿದಾರೆ, ಈ ಮುದುಕನ ತೋಟಕ್ಕೆ ಇನ್ನು ಸಾಕ್ಷಿ ಯಾಕೆ ಅಂತ ಬಿಟ್ರು ಅನ್ಕೊಂಡೆ. ಮನೆಗೆ ಹೋಗಿ ಸೊಸೆಗೂ ಹೇಳಿದೆ. ಅವತ್ತು ಎಷ್ಟು ಖುಷಿಯಾಗಿತ್ತು ಗೊತ್ತಾ."

ಆಮೇಲೆ ಅಜ್ಜ, ಇದನ್ನು ಆಫೀಸಿನಲ್ಲಿ ಹೇಳಿದ್ದೀಯಾ ಎಂದು ಕೇಳಿದರು. ಇಲ್ಲ ಎಂದೆ. ಅವರು ಮತ್ತೆ ಕಳೆ ಕೀಳತೊಡಗಿದರು. ಅಕ್ಕನ ಬೀಳ್ಕೊಡುಗೆಗೆ ಬನ್ನಿ ಅಜ್ಜ ಎಂದು ಕರೆದೆ. ನೋಡೋಣ ಎಂದರು.

ಅಕ್ಕಾ, ನಾಳೆ ನೀವು ಮುಂದಿನ ಸಾಲಿನಲ್ಲಿ ಕೂತು ಇದನ್ನು ಕೇಳುತ್ತೀರಿ. ನಡುವೆ ಎದ್ದು ಸಾಕು ನಿಲ್ಲಿಸು ಅನ್ನುತ್ತೀರಿ ಎಂದು ನನಗೆ ಗೊತ್ತು. ನಿಲ್ಲಿಸುವುದಿಲ್ಲ. ಇಪ್ಪತ್ತೆರಡು ವರ್ಷದ ಫಾರಂಗಳಲ್ಲಿ ಬರವಣಿಗೆ ಪೂರ್ತಿ ನನ್ನದು, ಏಕೆಂದರೆ ಪೆನ್ನು ಹಿಡಿಯುವುದು ಕೊಳೆ ಕೈಯ ಕೆಲಸ. ಸಹಿ ಮಾತ್ರ ನಿಮ್ಮದು. ಕೊಳೆ ಕೈಗೆ ಸಹಿ ಹಾಕುವ ಜಾಗವನ್ನೇ ಆ ಫಾರಂನಲ್ಲಿ ಬಿಟ್ಟಿಲ್ಲ, ಅದರ ಲಾಭವನ್ನು ನಾನು ಚೆನ್ನಾಗಿಯೇ ತೆಗೆದುಕೊಂಡೆ. ಆ ದಿನದ ಫಾರಂನ ಒಂದು ಪ್ರತಿಯನ್ನು ಕಡತದಿಂದ ತೆಗೆಸಿ ಇದರ ಹಿಂದೆ ಲಗತ್ತಿಸಿದ್ದೇನೆ. ನಾಲ್ಕು ಹತ್ತು, ನಾಲ್ಕು ಹದಿನೈದು ಎಂಬುದರ ಮೇಲೆ ಗೆರೆ ಎಳೆದು, ತೆರೆಯಲಿಲ್ಲ ಎಂದು ಬರೆದಿದ್ದೇನೆ. ಪಕ್ಕದಲ್ಲಿ ಸಹಿ ಹಾಕಿ ಮೇಡಂ ಕೈಗೆ ಕೊಡುತ್ತೇನೆ, ವ್ಯಾನಿನ ಕೀಲಿಯ ಜೊತೆಗೆ.